ವಿರಾಮದ ವೇಳೆ: ಬಲಮಗ್ಗುಲಿನ ಜೊತೆಗಾರ



ಜಾತ್ರೆಯಲ್ಲಿ ಎತ್ತು ಕೊಳ್ಳಹೋದ ರೈತನನ್ನು ನೀವು ಕಂಡಿರಬಹುದು. ಮನೆಯಲ್ಲಿ ಒಂದು ಒಳ್ಳೆಯ ಎತ್ತು ಇದ್ದವನ ಕಷ್ಟವೇ ಹೆಚ್ಚಿನದು. ಎತ್ತರ ಸರಿಯಿದ್ದರೆ ನಡಿಗೆ ಸರಿಯಿಲ್ಲ. ನಡಿಗೆ ಸರಿಯಿದ್ದರೆ ಅದು ಬಲಗಡೆಯ ನೊಗಕ್ಕೆ ಪಳಗಿದುದಲ್ಲ. ದಿನವೆಲ್ಲ ಸುತ್ತಿ ಬರಿಗೈಯಲ್ಲಿ ಹಿಂದಿರುಗುವುದೂ ಉಂಟು. ಬಲವುಳ್ಳ ಎತ್ತು ದೊರೆಯುವುದು ಸುಲಭ, ಜೊತೆಯೆತ್ತು ದೊರೆಯುವುದೇ ದುರ್ಲಭ. ಇದೇ ಮಾತು ಮನುಷ್ಯರಿಗೂ ಸಲ್ಲುವುದೆಂಬುದಕ್ಕೆ ನಮ್ಮ ದೇಶದ ಹಾಕಿಯಾಟದ ಚರಿತ್ರೆಯಿಂದ ಒಂದು ವೃತ್ತಾಂತವನ್ನು ಈ ತಿಂಗಳು ನಿವೇದಿಸುವೆನು.

ಈ ಪುಟವನ್ನೋದುವ ಸೋದರಿಯರಲ್ಲಿ ಆಟವನ್ನು ನೋಡದವರೂ ಇರಬಹುದಾದುದರಿಂದ ಮೊದಲು ಎರಡು ಮಾತು ವಿವರಿಸಬೇಕಾಗಿದೆ. ಒಂದು ಕಡೆಗೆ ಹನ್ನೊಂದು ಮಂದಿ. ಆ ಕಾಲದ ಕ್ರಮದಲ್ಲಿ ಇವರೊಳಗೆ ಐವರು ಮುನ್ನುಗ್ಗಿ ಆಡುವವರು. ಅಂಚಿನಲ್ಲಿ ಇಬ್ಬರು, ಒಳಗೆ ಇಬ್ಬರು, ಎಲ್ಲರ ನಡುವೆ ಸೆಂಟರ್ ಫಾರ್ವರ್ಡ್ ಎಂಬೊಬ್ಬನು. ನಡುವಿನವನು ಎಷ್ಟು ಗಟ್ಟಿಗನೋ ಅಷ್ಟು ಮಂದಿ ಎದುರಾಳಿಗಳು ಅವನನ್ನು ಸುತ್ತುವರಿಯುವರು. ಆಗ ಅವನ ಎಡಬಲಗಳಲ್ಲಿರುವವರು ಚುರುಕಾಗಿದ್ದರೆ ಚೆಂಡನ್ನು ಅವರತ್ತ ತಳ್ಳುವನು. ಕಾವಲಿನವರು ಅತ್ತ ತಿರುಗಿದೊಡನೆ ಅದನ್ನು ಮರಳಿ ಪಡೆಯುವನು. ಅವರು ಮಂದರಾದರೆ ಇವನ ಕೌಶಲವೆಲ್ಲ ವ್ಯರ್ಥ. ಒಳಗಿನ ಇಬ್ಬರ ಮೇಲೆ ನಡುವಿನವನ ಕೀರ್ತಿ ನಿಂತಿರುವುದು.

1928ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಒಲಿಂಪಿಕ್ ಕ್ರೀಡೆಗಳಿಗೆ ಭಾರತದ ತಂಡವು ಮೊದಲ ಬಾರಿಗೆ ಹೋದಾಗ ಆ ನಡುವಿನ ಸ್ಥಾನದಲ್ಲಿದ್ದವರು ಸೈನ್ಯದಲ್ಲಿ ಸಾಮಾನ್ಯ ಉದ್ಯೋಗದಲ್ಲಿದ್ದ ಧ್ಯಾನ್ ಚಂದ್ ಎಂಬ ತರುಣರು. ತಂಡವು ಐದು ಆಟಗಳಲ್ಲಿ 29 ಗೋಲುಗಳನ್ನು ಹೊಡೆದು, ಒಂದನ್ನೂ ಹೊಡೆಸಿಕೊಳ್ಳದೆ ಚಿನ್ನದ ಪದಕವನ್ನು ಗೆದ್ದಿತು. ಅವುಗಳಲ್ಲಿ 14 ಧ್ಯಾನ್ ಚಂದರವು. ಅಂದು ಅವರ ಜೊತೆಗೆ ಫಿರೋಜ್ ಖಾನ್, ಜಾರ್ಜ್ ಮಾರ್ತಿನ್ಸ್ ಮೊದಲಾದವರು ಮುಂದಿನ ಸಾಲಿನಲ್ಲಿದ್ದರು. ನಾಲ್ಕು ವರ್ಷಗಳು ಕಳೆಯುವಷ್ಟರಲ್ಲಿ ಆ ಸಾಲಿನಲ್ಲಿ ಧ್ಯಾನ್ ಚಂದರ ಹೊರತು ಒಬ್ಬರೂ ಉಳಿಯಲಿಲ್ಲ. ಜೊತೆಗಾರರನ್ನು ಹೊಸದಾಗಿ ಅರಸಬೇಕಾಯಿತು.

ಎಡಮಗ್ಗುಲಿಗೆ ತಕ್ಕವರು ಮನೆಯಲ್ಲಿಯೇ ಇದ್ದರು! ಅವರು ಧ್ಯಾನ್ ಚಂದರ ಸ್ವಂತ ತಮ್ಮಂದಿರಾದ ರೂಪ್ ಸಿಂಗರು. ಒಂದೇ ತಾಯ ಮಕ್ಕಳಾದರೂ ಇಬ್ಬರ ಆಟ ಒಂದೇ ಬಗೆಯದಾಗಿರಲಿಲ್ಲ. ಅಣ್ಣನದು ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ನಡೆಸಿ, ಸಮಯವರಿತು ಪಕ್ಕದವನಿಗೆ ಒಪ್ಪಿಸುವ ಸೂಕ್ಷ್ಮ. ತಮ್ಮನದು ಬಿರುಸಾದ ಹೊಡೆತ. ಭಿನ್ನವಾಗಿದ್ದುದರಿಂದಲೇ ಅವರು ಹೊಂದಿಕೊಂಡರು. 1932ರಲ್ಲಿ ಲಾಸ್ ಏಂಜಲೀಸಿನಲ್ಲಿ ಅಮೆರಿಕದ ಮೇಲೆ ಭಾರತವು 24 ಗೋಲುಗಳನ್ನು ಹೊಡೆದಾಗ ರೂಪ್ ಸಿಂಗರು 10ನ್ನೂ ಧ್ಯಾನ್ ಚಂದರು 8ನ್ನೂ ಗಳಿಸಿದರು. ಆ ಕ್ರೀಡೆಗಳ ಎರಡು ಆಟಗಳ ಲೆಕ್ಕದಲ್ಲಿ ತಮ್ಮನಿಗೆ 13, ಅಣ್ಣನಿಗೆ 12. ಇದರಿಂದ ಅಣ್ಣನ ಮುಖ ಕಂದಲಿಲ್ಲ. ತಮ್ಮನೇ ತನಗಿಂತ ಮೇಲಾದ ಆಟಗಾರನೆಂದು ಅವರು ಹೇಳುತ್ತಿದ್ದರೆಂಬುದು ಪ್ರಸಿದ್ಧವಾಗಿದೆ.

ಆದರೆ ಬಲಮಗ್ಗುಲು? ಲಾಸ್ ಏಂಜಲೀಸಿನ ಎರಡು ಆಟಗಳಲ್ಲಿ 8 ಗೋಲು ಹೊಡೆದ ಗುರ್ಮೀತ್ ಸಿಂಗರು 1936ರ ತಂಡದಲ್ಲಿರಲಿಲ್ಲ. ಈ ಬಾರಿ ಧ್ಯಾನ್ ಚಂದರೇ ನಾಯಕರು. ಹಡಗನ್ನೇರಿ ಯುರೋಪಿಗೆ ಹೋದ ತಂಡವು ಜುಲೈ 17ರಂದು ಬರ್ಲಿನ್ನಿನಲ್ಲಿ ಜರ್ಮನರೊಡನೆ ಅಭ್ಯಾಸದ ಆಟವನ್ನಾಡಿ 4-1ರಿಂದ ಸೋತಿತು. ಎರಡು ಒಲಿಂಪಿಕ್ಕುಗಳಲ್ಲಿ ಸೋಲನ್ನೇ ಅರಿಯದವರಿಗೆ ಇದು ಸಿಡಿಲೆರಗಿದಂತಾಯಿತು. 1952ರಲ್ಲಿ ಪ್ರಕಟವಾದ 'ಗೋಲ್' ಎಂಬ ತಮ್ಮ ಆತ್ಮಕಥೆಯಲ್ಲಿ ಧ್ಯಾನ್ ಚಂದರು ಈ ಸೋಲನ್ನು ಮರೆಯದೆ ಬರೆದಿದ್ದಾರೆ.

ಸೋತವನು ಮಾಡಬಹುದಾದ ಕೆಲಸಗಳು ಎರಡು. ಮಳೆಯನ್ನೂ ನೆಲವನ್ನೂ ದೈವವನ್ನೂ ದೂರುತ್ತ ಕುಳಿತಿರುವುದು ಒಂದು. ಕೊರತೆಯಿರುವುದೆಲ್ಲಿ ಎಂದು ನೋಡಿ ಅದನ್ನು ತುಂಬುವುದು ಇನ್ನೊಂದು. ತಂಡದವರು ಎರಡನೆಯದನ್ನು ಆಯ್ದುಕೊಂಡರು. ಊರಿಗೆ ತಂತಿ ಹೋಯಿತು. ಮೊದಲು ಹೊರಟ ತಂಡದಲ್ಲಿಲ್ಲದ ಅಲಿ ದಾರಾ ಎಂಬ ಇಪ್ಪತ್ತೊಂದರ ಹರೆಯದ ಆಟಗಾರರು ವಿಮಾನದಲ್ಲಿ ಹಾರಿಬಂದು ತಂಡವನ್ನು ಕೂಡಿಕೊಂಡರು. ಇದರಲ್ಲಿ ಮನಸ್ಸನ್ನು ಕಲಕುವ ಸಂಗತಿಯೊಂದುಂಟು. ಹೊಸಬರು ಬಂದರೆಂದರೆ ಅಷ್ಟು ದೂರ ಬಂದು ಮೊದಲ ಆಟಗಳಲ್ಲಿ ಬೆವರು ಸುರಿಸಿದ ಹಳಬರೊಬ್ಬರು ಗೆರೆಯಾಚೆ ಕುಳಿತುಕೊಳ್ಳಬೇಕಾಯಿತೆಂದೇ ಅರ್ಥ. ಪದಕದ ಹೊಳಪಿನಲ್ಲಿ ಅಂಥವರ ತ್ಯಾಗವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಆಗಸ್ಟ್ 12ರಂದು ಫ್ರಾನ್ಸಿನ ಮೇಲೆ 10-0. ಆಗಸ್ಟ್ 15ರಂದು ಅಂತಿಮದ ಆಟ. ಎದುರಿಗೆ ಅದೇ ಜರ್ಮನರು. ಅರ್ಧದಾಟ ಮುಗಿದಾಗ ಭಾರತಕ್ಕೆ ಒಂದೇ ಗೋಲು. ಆಮೇಲೆ ಧ್ಯಾನ್ ಚಂದರು ಮೊಳೆಯ ಬೂಟುಗಳನ್ನು ಕಳಚಿಟ್ಟು ಆಡಿದರು. ಎಡಕ್ಕೆ ರೂಪ್ ಸಿಂಗ್, ಬಲಕ್ಕೆ ದಾರಾ. ಆಟ ಮುಗಿದಾಗ 8-1! ಅವುಗಳಲ್ಲಿ ಎರಡು ಗೋಲುಗಳು ದಾರಾ ಅವರವು. ಇಡೀ ಕ್ರೀಡೆಗಳಲ್ಲಿ ಭಾರತದವರು ಹೊಡೆದುದು 38, ಹೊಡೆಸಿಕೊಂಡುದು ಒಂದೇ ಒಂದು.

ಎಂಟು ವರ್ಷಗಳ ಹುಡುಕಾಟ ಸಫಲವಾಯಿತು. ಆದರೆ ವಿಧಿಯಾಟವನ್ನು ನೋಡಿರಿ. ಒಲಿಂಪಿಕ್ಕಿನಲ್ಲಿ ಈ ಮೂವರೂ ಕೂಡಿ ಆಡಿದುದು ಆ ಎರಡೇ ಆಟ. ಮಹಾಯುದ್ಧದಿಂದ 1940 ಮತ್ತು 1944ರ ಕ್ರೀಡೆಗಳು ನಡೆಯಲೇ ಇಲ್ಲ. ಬರ್ಲಿನ್ನಿನ ಗೆಲವಿಗೆ ಸರಿಯಾಗಿ ಹನ್ನೊಂದು ವರ್ಷ ತುಂಬಿದ ದಿನ, 1947ರ ಆಗಸ್ಟ್ 15ರಂದು, ದೇಶವು ಸ್ವತಂತ್ರವೂ ಆಯಿತು, ಇಬ್ಭಾಗವೂ ಆಯಿತು. 1948ರಲ್ಲಿ ಲಂಡನ್ನಿಗೆ ದಾರಾ ಹೋದುದು ಪಾಕಿಸ್ತಾನದ ನಾಯಕರಾಗಿ. ಅಷ್ಟು ಅರಸಿ ಪಡೆದ ಬಲಮಗ್ಗುಲು ಗಡಿಯಾಚೆ ಉಳಿಯಿತು.

ಹುಡುಕಾಟ ಅಲ್ಲಿಗೆ ನಿಲ್ಲಲಿಲ್ಲ. ಪ್ರತಿಯೊಂದು ತಲೆಮಾರೂ ತನ್ನ ಜೊತೆಗಳನ್ನು ತಾನೇ ಅರಸಬೇಕಷ್ಟೆ. 1975ರಲ್ಲಿ ಕೌಲಾಲಂಪುರದ ವಿಶ್ವಕಪ್ಪಿನಲ್ಲಿ ಭಾರತವು ಪಾಕಿಸ್ತಾನವನ್ನು 2-1ರಿಂದ ಗೆದ್ದಾಗ ಗೆಲವಿನ ಗೋಲನ್ನು ಹೊಡೆದವರು ಧ್ಯಾನ್ ಚಂದರ ಮಗ ಅಶೋಕ್ ಕುಮಾರರು. ಆ ತಂಡದ ಮುಂದಿನ ಸಾಲಿನವರಲ್ಲಿ ನಮ್ಮ ಕೊಡಗಿನ ಗೋವಿಂದ ಅವರೂ ಒಬ್ಬರೆಂಬುದು ಕನ್ನಡಿಗರಿಗೆ ಸಂತೋಷದ ವಿಷಯ.

ಇದನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಏಕೆ ಬರೆದೆನೆಂದು ಕೇಳುವಿರಾ? ಮನೆಯಲ್ಲಿ ಜಾಣನಾದ ಮಗನೊಬ್ಬನಿದ್ದರೆ ಉಳಿದ ಮಕ್ಕಳೂ ಅವನಂತೆಯೇ ಆಗಲೆಂದು ನಾವು ಹಟ ಹಿಡಿಯುತ್ತೇವೆ. ರೂಪ್ ಸಿಂಗರು ಇನ್ನೊಬ್ಬ ಧ್ಯಾನ್ ಚಂದರಾಗಲು ಹೊರಟಿದ್ದರೆ ಭಾರತಕ್ಕೆ ಎಡಮಗ್ಗುಲೇ ಇರುತ್ತಿರಲಿಲ್ಲ. ಮಕ್ಕಳನ್ನು ಹೋಲಿಸುವ ಮೊದಲು ಯಾವ ಮಗು ಯಾವ ಮಗ್ಗುಲಿಗೆ ಒಗ್ಗುವುದೆಂದು ಸಾವಧಾನವಾಗಿ ನೋಡುವುದು ತಂದೆತಾಯಿಗಳಿಗೆ ಒಳ್ಳೆಯದು.