ಮುಖಗವಸೂ ನೆರೆಯವರ ಋಣವೂ

ಕೋವಿಡ್ ಮಹಾಮಾರಿಯ ಜಾಗತಿಕ ತುರ್ತುಸ್ಥಿತಿಯು ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2023ನೆಯ ಇಸವಿ ಮೇ 5ರಂದು ಸಾರಿದರು. ಅದಕ್ಕೆ ಎಷ್ಟೋ ಮುಂಚೆಯೇ ನಮ್ಮ ಜನರು ಮುಖಗವಸನ್ನು ಗೂಟಕ್ಕೆ ತೂಗುಹಾಕಿ ಮರೆತಿದ್ದರು. ಆಜ್ಞೆಯು ಹೋಯಿತು; ಗವಸೂ ಹೋಯಿತು. ಕಾನೂನು ನಮ್ಮನ್ನು ಕೇಳದಿರುವ ಈ ಕಾಲದಲ್ಲಿಯೇ ಆ ಬಟ್ಟೆಯ ತುಂಡಿನ ಅರ್ಥವನ್ನು ಶಾಂತವಾಗಿ ವಿಚಾರಮಾಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಆಜ್ಞೆಯಿದ್ದಾಗ ನಡೆದುದನ್ನು ವಾಚಕರು ಬಲ್ಲರು. 2020ರಲ್ಲಿ ನಮ್ಮ ರಾಜ್ಯ ಸರಕಾರದವರು ಗವಸಿಲ್ಲದೆ ನಗರದಲ್ಲಿ ತಿರುಗುವವರ ದಂಡವನ್ನು ಸಾವಿರ ರೂಪಾಯಿಗೆ ಏರಿಸಿ, ಗದ್ದಲವಾದ ಮೇಲೆ ಕೆಲವೇ ದಿನಗಳಲ್ಲಿ 250ಕ್ಕೆ ಇಳಿಸಿದರು. ಪೊಲೀಸಿನವನು ಕಂಡರೆ ಗವಸು ಮೂಗಿಗೆ ಏರುವುದು, ಆತನು ಮರೆಯಾದರೆ ಗಲ್ಲಕ್ಕೆ ಇಳಿಯುವುದು. ಸಭೆಯಲ್ಲಿ ಬಾಯಿ ಮುಚ್ಚಿ ಕುಳಿತಿದ್ದ ಅಧಿಕಾರಿಗಳು ಭಾಷಣಕ್ಕೆ ಎದ್ದೊಡನೆ, ಅಂದರೆ ಬಾಯಿಂದ ಹನಿಗಳು ಹೆಚ್ಚಾಗಿ ಹೊರಡುವ ಹೊತ್ತಿಗೆ ಸರಿಯಾಗಿ, ಅದನ್ನು ಕೆಳಗೆ ಸರಿಸುತ್ತಿದ್ದರು. ಪರರನ್ನೇ ಹಳಿಯುವುದೇಕೆ? ಮುದ್ರಣಾಲಯದ ಯಂತ್ರದ ಸದ್ದಿನಲ್ಲಿ ಕೂಗಿ ಮಾತನಾಡಬೇಕಾದಾಗ ನಾವೂ ಹಾಗೆಯೇ ಮಾಡಿದ್ದುಂಟು. ಅದಕ್ಕಾಗಿ ಈಗಲೂ ನಾಚುತ್ತೇವೆ.

“ಅಪಾಯವು ನನ್ನದು, ಅದನ್ನು ನಾನೇ ಹೊರುತ್ತೇನೆ, ನಿಮಗೇನು?” ಎಂದು ಕೆಲವು ಮಹಾಶಯರು ಕೇಳುವರು. 1910-11ರಲ್ಲಿ ಮಂಚೂರಿಯಾದಲ್ಲಿ ಸುಮಾರು ಅರುವತ್ತು ಸಾವಿರ ಜನರನ್ನು ನುಂಗಿದ ಪ್ಲೇಗು ಉಸಿರಿನಿಂದ ಹರಡುವುದೆಂದು ತರುಣ ವೈದ್ಯ ಡಾ. ವು ಲಿಯೆನ್-ತೆ ಎಂಬವರು ಕಂಡುಕೊಂಡು, ಜಾಳಿಗೆಬಟ್ಟೆಯ ಗವಸನ್ನು ಧರಿಸಿರೆಂದರು. ಹಿರಿಯ ಫ್ರೆಂಚ್ ವೈದ್ಯ ಡಾ. ಮೆಸ್ನಿಯವರು ಅದನ್ನು ಒಪ್ಪದೆ, ಗವಸಿಲ್ಲದೆ ಹಾರ್ಬಿನ್ನಿನಲ್ಲಿ ರೋಗಿಗಳ ಬಳಿಗೆ ಹೋಗಿ, ಕೆಲವೇ ದಿನಗಳಲ್ಲಿ ಅದೇ ರೋಗದಿಂದ ತೀರಿಕೊಂಡರು. ಅಲ್ಲಿ ಹಟದ ಬೆಲೆಯನ್ನು ಹಟ ಹಿಡಿದವರೇ ತೆತ್ತರು. ಕೋವಿಡಿನಲ್ಲಿಯಾದರೋ ಹಾಗಿರಲಿಲ್ಲ. ಮೈಯಲ್ಲಿ ಯಾವ ಲಕ್ಷಣವೂ ಇಲ್ಲದವನು ರೋಗವನ್ನು ಹೊತ್ತು ನಡೆದನು. ಹೊರಗೆ ಹಟ ಹಿಡಿದವನು ಮಗನು. ಬೆಲೆ ತೆತ್ತವಳು ಮನೆಯ ಮೂಲೆಯಲ್ಲಿ ಕುಳಿತಿದ್ದ ಮುದಿತಾಯಿ. ಇನ್ನೊಬ್ಬರು ಹೊರಬೇಕಾದ ಅಪಾಯವನ್ನು ತನ್ನದೆಂದು ಹೇಳಿಕೊಳ್ಳುವುದು ಧೈರ್ಯವಲ್ಲವು.

ಈ ಮರ್ಯಾದೆಯು ಪರದೇಶದಿಂದ ಬಂದುದೆಂದು ಯಾರೂ ತಿಳಿಯತಕ್ಕದ್ದಲ್ಲ. ತನ್ನ ಎಂಜಲು ಪರರ ಎಲೆಗೆ ಬೀಳಬಾರದೆಂಬುದನ್ನು ನಮ್ಮ ತಾಯಂದಿರು ನಮಗೆ ಅಕ್ಷರಾಭ್ಯಾಸಕ್ಕೆ ಮೊದಲೇ ಕಲಿಸಿರುವರು. ಕೆಮ್ಮಿನಲ್ಲಿ ಹಾರುವ ಹನಿಯು ಕಣ್ಣಿಗೆ ಕಾಣದ ಎಂಜಲಲ್ಲದೆ ಮತ್ತೇನು? ಗಾಳಿಯಲ್ಲಿನ ಸೂಕ್ಷ್ಮಜೀವಿಗಳಿಗೆ ಹಿಂಸೆಯಾಗದಿರಲೆಂದು ಸ್ಥಾನಕವಾಸಿ ಜೈನ ಮುನಿಗಳು ಬಾಯಿಗೆ ವಸ್ತ್ರವನ್ನು ಕಟ್ಟುವರು; ಪವಿತ್ರಾಗ್ನಿಗೆ ಉಸಿರು ತಾಗದಿರಲೆಂದು ಪಾರ್ಸಿ ಪುರೋಹಿತರು ಕಟ್ಟುವರು. ಹುಳುವಿಗಾಗಿಯೂ ಅಗ್ನಿಗಾಗಿಯೂ ಮುಚ್ಚುವ ಬಾಯನ್ನು ನೆರೆಯವನಿಗಾಗಿ ಮುಚ್ಚಲಾರೆವೆ?

ಗವಸೊಂದೇ ಸರ್ವರಕ್ಷೆಯೆಂದು ನಾವು ಹೇಳುವುದಿಲ್ಲ, ಕಿಟಕಿಯನ್ನೂ ತೆರೆದಿಡಬೇಕು. ಎಳೆಯ ಮಕ್ಕಳನ್ನೂ ಉಬ್ಬಸದವರನ್ನೂ ಪೀಡಿಸಲಾಗದು. ತುಟಿಯನ್ನು ನೋಡಿ ಮಾತು ತಿಳಿಯುವ ಕಿವುಡರೆದುರಿಗೆ ದೂರ ನಿಂತು ಗವಸು ತೆಗೆಯುವುದೂ ದಾಕ್ಷಿಣ್ಯವೇ. ಆರೋಗ್ಯವಂತರು ದಿನವೆಲ್ಲ ಗವಸು ಕಟ್ಟಿಕೊಂಡು ತಿರುಗಬೇಕೆಂದೂ ನಮ್ಮ ವಾದವಲ್ಲ.

ನಾವು ಕೇಳುವುದು ಇಷ್ಟೇ. ನೆಗಡಿ ಕೆಮ್ಮು ಬಂದಾಗ, ಸಾಧ್ಯವಾದವರು ಮನೆಯಲ್ಲಿರಲಿ. ಹೊರಡಲೇಬೇಕಾದವರು ಬಸ್ಸಿನಲ್ಲಿಯೂ ಕಚೇರಿಯಲ್ಲಿಯೂ ಆಸ್ಪತ್ರೆಯ ಸಾಲಿನಲ್ಲಿಯೂ ಮೂಗು ಬಾಯಿಗಳೆರಡೂ ಮುಚ್ಚುವಂತೆ ಗವಸನ್ನು ಕಟ್ಟಿಕೊಳ್ಳಲಿ. ಮೇಜಿನ ಹಿಂದೆ ಕುಳಿತು ದಿನಕ್ಕೆ ನೂರು ಜನರನ್ನು ಕಾಣುವ ಅಧಿಕಾರಿಗಳು ಇದನ್ನು ಮೊದಲು ಆಚರಿಸಿದರೆ, ಸುತ್ತೋಲೆಯಿಲ್ಲದೆಯೇ ಗುಮಾಸ್ತರೂ ಊರವರೂ ಅನುಸರಿಸುವರು. ದಂಡಕ್ಕೆ ಅಂಜಿ ಕಟ್ಟಿದ ಗವಸು ಪೊಲೀಸಿನವನ ಗೌರವಕ್ಕಾಯಿತು. ಯಾರೂ ಕೇಳದಿರುವಾಗ ಕಟ್ಟಿದುದು ಮಾತ್ರ ನೆರೆಯವನ ಗೌರವಕ್ಕೆ ಸಲ್ಲುವುದು.