ಸಹಾಯಕರಿಗೂ ಡಾಕ್ಟರೇಟ್: ಲಾಭ ಯಾರಿಗೆ?

ಅಮೆರಿಕದ ಆಸ್ಪತ್ರೆಗಳಲ್ಲಿ ರೋಗಿಯನ್ನು ಪರೀಕ್ಷಿಸಿ ಔಷಧಿ ಬರೆದುಕೊಡುವ ‘ಫಿಜಿಷಿಯನ್ ಅಸಿಸ್ಟೆಂಟ್’ಗಳಲ್ಲಿ ಕೆಲವರಿಗೆ ಈಗ ಡಾಕ್ಟರೇಟ್ ಗೀಳು ಹತ್ತಿದೆ.

ಈ ವೃತ್ತಿ ಹುಟ್ಟಿದ್ದೇ ಡಾಕ್ಟರುಗಳು ಸಾಲದೆ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್, ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡಿದ್ದ ನಾಲ್ವರನ್ನು ಸೇರಿಸಿಕೊಂಡು ಎರಡು ವರ್ಷದ ತರಬೇತಿ ಶುರು ಮಾಡಿದರು. ಆಮೇಲೆ ಸ್ನಾತಕೋತ್ತರ ಪದವಿ ಬೇಕೆಂದಾಯಿತು. ಈಗ ‘ಡಾಕ್ಟರ್ ಆಫ್ ಮೆಡಿಕಲ್ ಸೈನ್ಸ್’. ನೌಕರಿ ಬಿಡಬೇಕಿಲ್ಲ, ಬಹುಪಾಲು ಆನ್‌ಲೈನ್ ಓದು.

ಪಾಠ ಹೇಳೋರಿಗೆ, ಆಡಳಿತಕ್ಕೆ ಹೋಗೋರಿಗೆ ಇದರಿಂದ ಉಪಯೋಗ ಉಂಟು, ಇಲ್ಲವೆನ್ನುವಂತಿಲ್ಲ. ಆದರೆ ಪದವಿ ಪಡೆದ ಮರುದಿನ ವಾರ್ಡಿನಲ್ಲಿ ಅವರ ಅಧಿಕಾರ ಒಂದಿಂಚೂ ಬೆಳೆಯುವುದಿಲ್ಲ. ಅದನ್ನು ಹೇಳುವುದು ಆಯಾ ರಾಜ್ಯದ ಕಾನೂನು. ಫೀಸು ಮಾತ್ರ ವಿಶ್ವವಿದ್ಯಾಲಯದ ಪೆಟ್ಟಿಗೆಗೆ! ಮಂಚದ ಮೇಲೆ ನರಳುವ ರೋಗಿಗೆ, ಎದುರಿಗೆ ನಿಂತವರು ಯಾವ ಬಗೆಯ ಡಾಕ್ಟರು ಅಂತ ಹೇಗೆ ತಿಳಿಯಬೇಕು ಸ್ವಾಮಿ?

ನಮ್ಮ ದೇಶದಲ್ಲೂ ಈ ಕೋರ್ಸು 1992ರಲ್ಲೇ ಮದರಾಸಿನಲ್ಲಿ ಆರಂಭವಾಗಿದೆ. 2021ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ವೃತ್ತಿಯ ಹೆಸರೂ ಇದೆ. ಅಮೆರಿಕದ ಡಾಕ್ಟರೇಟ್ ಅಂಗಡಿ ಇಲ್ಲಿ ಬಾಗಿಲು ತೆರೆಯೋ ಮುಂಚೆ, ಇವರ ಅಂಗಿಯ ಮೇಲಿನ ಬಿಲ್ಲೆಯಲ್ಲಿ ಏನು ಬರೆದಿರಬೇಕು ಅನ್ನೋದನ್ನ ಸರ್ಕಾರ ಜನರಿಗೆ ತಿಳಿಯೋ ಹಾಗೆ ಹೇಳಲಿ.