ಅವನು ಯಾರ ಸಹವಾಸ ಮಾಡಬೇಕು?

ನಿಮ್ಮ ಓಣಿಯಲ್ಲೂ ಅಂಥ ಒಬ್ಬ ಹುಡುಗ ಇರಬಹುದು. ಶಾಲೆ ಬಿಟ್ಟವನು, ಒಮ್ಮೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದವನು. 'ಅವನ ಸಹವಾಸ ಬೇಡ' ಎಂದು ನೀವು ಮಕ್ಕಳಿಗೆ ಎಚ್ಚರಿಸುತ್ತೀರಿ. ತಾಯಿಯಾದವಳು ಹಾಗೆ ಹೇಳುವುದು ಸಹಜವೇ. ಆದರೆ ಎಲ್ಲ ತಾಯಂದಿರೂ ಹಾಗೆಯೇ ಹೇಳಿದರೆ ಅವನು ಯಾರ ಸಹವಾಸ ಮಾಡಬೇಕು?

ಅಮೆರಿಕದ ಲಾಸ್ ಏಂಜಲೀಸ್‌ನ ಬಾಯ್ಲ್ ಹೈಟ್ಸ್ ಬಡವರ ಬಡಾವಣೆ. ಅಲ್ಲಿನ ಹುಡುಗರು ಗ್ಯಾಂಗ್ ಕಟ್ಟಿಕೊಂಡು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲ. 1986ರಲ್ಲಿ ಅಲ್ಲಿಯ ಚರ್ಚಿಗೆ ಪಾದ್ರಿಯಾಗಿ ಬಂದ ಗ್ರೆಗರಿ ಬಾಯ್ಲ್ ಅನೇಕ ಎಳೆಯರ ಅಂತ್ಯಸಂಸ್ಕಾರ ಮಾಡಬೇಕಾಯಿತು. 1988ರಲ್ಲಿ ಅವರು ಊರವರೊಂದಿಗೆ ಸೇರಿ ಈ ಹುಡುಗರಿಗೆ ಕೆಲಸ ಹುಡುಕಲು ಹೊರಟರು. ಬಡಾವಣೆಯ ತಾಯಂದಿರೂ ಸುತ್ತಲಿನ ಕಾರ್ಖಾನೆಗಳಿಗೆ ಹೋಗಿ ಇವರಿಗಾಗಿ ಕೆಲಸ ಕೇಳಿದರು. ಆದರೆ ಇಂಥವರನ್ನು ಸೇರಿಸಿಕೊಳ್ಳಲು ಮುಂದೆ ಬಂದವರು ಕಡಿಮೆ. ಕೊನೆಗೆ 1992ರಲ್ಲಿ ತಾವೇ ಒಂದು ಬೇಕರಿ ತೆರೆದರು. ನಿನ್ನೆಯವರೆಗೆ ವೈರಿಗಳಾಗಿದ್ದವರು ಅಕ್ಕಪಕ್ಕ ನಿಂತು ಹಿಟ್ಟು ನಾದಿದರು.

ಅದೇ ಇಂದಿನ 'ಹೋಮ್‌ಬಾಯ್ ಇಂಡಸ್ಟ್ರೀಸ್'. ಜೈಲಿನಿಂದ ಬಂದವರಿಗೆ ಇಲ್ಲಿ ಸುಮಾರು 18 ತಿಂಗಳ ತರಬೇತಿ, ಅದೂ ಸಂಬಳದೊಂದಿಗೆ. ಜೊತೆಗೆ ಪಾಠ, ಆಪ್ತ ಸಲಹೆ. ಮೈಮೇಲಿನ ಗ್ಯಾಂಗಿನ ಹಚ್ಚೆಯನ್ನೂ ಉಚಿತವಾಗಿ ಅಳಿಸುತ್ತಾರೆ. ಹಚ್ಚೆ ಕಂಡರೆ ಕೆಲಸ ಸಿಗುವುದಿಲ್ಲವಲ್ಲ! ಹೆಣ್ಣುಮಕ್ಕಳಿಗಾಗಿ 'ಹೋಮ್‌ಗರ್ಲ್ ಕೆಫೆ' ಇದೆ.

ಎಲ್ಲವೂ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ಬೇಕರಿ 1999ರಲ್ಲಿ ಬೆಂಕಿಗೆ ಆಹುತಿಯಾಯಿತು. 2010ರಲ್ಲಿ ಹಣವಿಲ್ಲದೆ ಸುಮಾರು 300 ಮಂದಿಯನ್ನು ಕೆಲಸದಿಂದ ಬಿಡಿಸಬೇಕಾಯಿತು. ವ್ಯಾಪಾರದ ಆದಾಯವೊಂದೇ ಸಾಲದು, ದಾನವೂ ಬೇಕು. ಕಲಿಯುವವನಿಗೆ ಸಂಬಳ ಕೊಟ್ಟು, ಅವನು ತಪ್ಪಿದಾಗ ತಾಳಿಕೊಂಡು ನಡೆಸುವ ಅಂಗಡಿಗೆ ಲಾಭ ಕಡಿಮೆಯೇ. ಆದರೂ ಅದು ಉಳಿಯಿತು. 2024ರಲ್ಲಿ ಬಾಯ್ಲ್ ಅವರಿಗೆ ಅಮೆರಿಕದ ಅತ್ಯುನ್ನತ ನಾಗರಿಕ ಗೌರವ ದೊರೆಯಿತು.

ಸಹೋದರಿಯರೇ, ನಾವು ಅಷ್ಟು ದೊಡ್ಡ ಸಂಸ್ಥೆ ಕಟ್ಟಬೇಕಾಗಿಲ್ಲ. ನಿಮ್ಮ ಮನೆಯವರಿಗೆ ಬೇಕರಿಯೋ ಗ್ಯಾರೇಜೋ ಇರಬಹುದು, ನಿಮಗೇ ಹೊಲಿಗೆ ಬರಬಹುದು. ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ ಜಾಗ ಮಾಡಿಕೊಡಿ. 'ಕಲಿಸುತ್ತಿದ್ದೇವಲ್ಲ' ಎಂದು ಪುಕ್ಕಟೆ ದುಡಿಸಬೇಡಿ. ಸ್ವಲ್ಪವಾದರೂ ಕೂಲಿ ಕೊಡಿ. ಒಂದು ದಿನ ತಡವಾಗಿ ಬಂದರೆ ಹಳೆಯದನ್ನೆಲ್ಲ ಎತ್ತಿ ಹಂಗಿಸಬೇಡಿ. ತನ್ನ ಮೊದಲ ಸಂಪಾದನೆಯನ್ನು ತಾಯಿಯ ಕೈಗಿಟ್ಟ ಹುಡುಗನಿಗೆ ಮತ್ತೆ ಆ ಬೀದಿಗೆ ಮರಳುವುದು ಅಷ್ಟು ಸುಲಭವಲ್ಲ.